ಗರ್ಭದಲ್ಲೇ ಮದ್ಯದ ಪೆಟ್ಟು ತಿಂದ ಮಕ್ಕಳು: ಮೈಸೂರು–ಮಂಡ್ಯದ ಊರುಗಳಲ್ಲಿ ಪೋಷಕರ ಕೂಟ ಕಟ್ಟುವ ಬಗೆ

ಬಸುರಿ ಕುಡಿದ ಮದ್ಯ ಮಾಸುವನ್ನು ದಾಟಿ ಮಗುವಿನ ರಕ್ತ ಸೇರುತ್ತದೆ. ಅದನ್ನು ಅರಗಿಸುವಷ್ಟು ಮಗುವಿನ ಪಿತ್ತಜನಕಾಂಗ ಇನ್ನೂ ಬೆಳೆದಿರುವುದಿಲ್ಲ. ಇದರಿಂದ ಮಿದುಳಿಗೂ ಮೈಗೂ ಆಗುವ ತೊಂದರೆಗಳನ್ನೆಲ್ಲ ಒಟ್ಟಾಗಿ ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎಎಸ್‌ಡಿ ಎನ್ನುತ್ತಾರೆ. ಅಮೆರಿಕದ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ 1973ರಲ್ಲೇ ಇದರ ತೀವ್ರ ರೂಪಕ್ಕೆ ಹೆಸರು ಕೊಟ್ಟರು. ಆದರೂ ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಆ ಹೆಸರು ತಲುಪುವುದೇ ಇಲ್ಲ. ಮಗುವಿಗೆ ‘ತುಂಟ’, ‘ಸುಳ್ಳ’, ‘ದಡ್ಡ’ ಎಂಬ ಹೆಸರು ಬರುತ್ತದೆ, ತಾಯಿಗೆ ಅದಕ್ಕಿಂತ ಕೆಟ್ಟ ಹೆಸರು.

ಈ ಬರಹ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಶಿಕ್ಷಕಿಯರಿಗೆ, ಮೇಷ್ಟ್ರುಗಳಿಗೆ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಮತ್ತು ತಾವೇ ಮುಂದೆ ಬರುವ ಪೋಷಕರಿಗೆ. ಕೂಟ ಉಳಿಯುವುದೂ ಒಡೆಯುವುದೂ ಒಂದೇ ವಿಷಯದ ಮೇಲೆ. ತಾನು ಕುಡಿದಿದ್ದೆ ಎಂದು ಯಾರ ಮುಂದೆಯೂ ಒಪ್ಪಿಕೊಳ್ಳದೆ ತಾಯಿಯೊಬ್ಬಳು ಅಲ್ಲಿಗೆ ಬಂದು ಕೂರಲು ಆಗಬೇಕು. ಕೂಟದ ಬಾಗಿಲು ಮಗುವಿನ ಕಷ್ಟದ ಕಡೆಯಿಂದ ತೆರೆಯಲಿ, ಅಮ್ಮನ ಕುಡಿತದ ಕಡೆಯಿಂದ ಬೇಡ.

ಯಾವ ಮಕ್ಕಳು, ಯಾವ ಮನೆಗಳು

ಕಣ್ಣಿನ ಸೀಳು ಕಿರಿದಾಗಿರುವುದು, ಮೂಗು ಮತ್ತು ಮೇಲ್ತುಟಿಯ ನಡುವಿನ ಗೆರೆ ಮಾಸಿ ಸಪಾಟಾಗಿರುವುದು, ಮೇಲ್ತುಟಿ ತೆಳುವಾಗಿರುವುದು, ಈ ಮೂರು ಮುಖಲಕ್ಷಣಗಳನ್ನು ವೈದ್ಯರು ನೋಡುತ್ತಾರೆ. ಆದರೆ ಎಫ್‌ಎಎಸ್‌ಡಿ ಇರುವ ಹೆಚ್ಚಿನ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ಕಾಣುವುದು ನಡವಳಿಕೆಯಲ್ಲಿ. ನಿನ್ನೆ ಬಂದ ಮಗ್ಗಿ ಇವತ್ತು ಮರೆತಿರುತ್ತದೆ. ದುಡ್ಡು, ಗಡಿಯಾರ, ‘ನಾಡಿದ್ದು’ ಇವು ಅರ್ಥವಾಗುವುದಿಲ್ಲ. ಮಾತು ಚುರುಕಾಗಿರುತ್ತದೆ, ಆದರೆ ಹೇಳಿದ್ದು ತಲೆಗೆ ಹೋಗಿರುವುದಿಲ್ಲ. ನಿದ್ದೆ ಕಡಿಮೆ, ಸದ್ದು ಅಂದರೆ ಆಗದು, ಸಣ್ಣದಕ್ಕೂ ರಂಪ. ತೂಕ, ಎತ್ತರ, ತಲೆಯ ಸುತ್ತಳತೆ ವಯಸ್ಸಿಗೆ ತಕ್ಕಷ್ಟು ಇಲ್ಲದೆಯೂ ಇರಬಹುದು.

ಇವೆಲ್ಲ ಗಮನ ನಿಲ್ಲದೆ ಅತಿ ಚಟುವಟಿಕೆ ಇರುವ ಎಡಿಎಚ್‌ಡಿ, ಆಟಿಸಂ, ಬುದ್ಧಿಮಾಂದ್ಯದಲ್ಲೂ ಕಾಣುವಂಥವೇ. ಆದ್ದರಿಂದ ಕೂಟವನ್ನು ಆ ಎಲ್ಲ ಮಕ್ಕಳ ಮನೆಯವರಿಗೂ ತೆರೆದಿಡಿ. ಮನೆಯಲ್ಲಿ ಮಾಡಬೇಕಾದ ಉಪಾಯಗಳು ಬಹುಪಾಲು ಒಂದೇ. ಜೊತೆಗೆ, ಬಂದವರನ್ನು ನೋಡಿ ‘ಓ, ಅವಳು ಬಸುರಿಯಲ್ಲಿ ಕುಡೀತಿದ್ದಳು’ ಎಂದು ಬೀದಿಯವರು ಲೆಕ್ಕ ಹಾಕಲು ಆಗುವುದಿಲ್ಲ.

ಬರುವವರು ಹೆತ್ತ ತಾಯಂದಿರೇ ಆಗಿರಬೇಕಿಲ್ಲ. ಮಗಳ ಮಗುವನ್ನು ಸಾಕುತ್ತಿರುವ ಅಜ್ಜಿ, ದತ್ತು ತೆಗೆದುಕೊಂಡ ದಂಪತಿ, ಒಂಟಿ ಅಪ್ಪ, ದೊಡ್ಡಮ್ಮ, ಹೀಗೆ ಯಾರೂ ಇರಬಹುದು. ಹಾಡಿಯವರು, ಕೂಲಿಯವರು, ಬಡವರು ಎಂದು ಮೊದಲೇ ಊಹಿಸಿ ಮನೆ ಹುಡುಕಿಕೊಂಡು ಹೋಗಬೇಡಿ. ನಗರದ ಬಡಾವಣೆಗಳಲ್ಲಿ ಕುಡಿತ ನಾಲ್ಕು ಗೋಡೆಯೊಳಗೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಹೆಸರು, ಜಾಗ, ಹೊತ್ತು

ಹೆಸರಿನಲ್ಲಿ ‘ಮದ್ಯ’, ‘ಕುಡಿತ’, ‘ಎಫ್‌ಎಎಸ್‌ಡಿ’ ಯಾವುದೂ ಬೇಡ. ‘ಮಕ್ಕಳ ಬೆಳವಣಿಗೆ ಪೋಷಕರ ಕೂಟ’ ಎಂದರೆ ಸಾಕು.

ಜಾಗಕ್ಕೆ ಮೊದಲು ಶಾಲೆ ಹೊಳೆಯುತ್ತದೆ. ಅಲ್ಲಿ ಬೇಡ. ಮೇಷ್ಟ್ರು ಕೇಳಿಸಿಕೊಂಡಾರು ಎಂಬ ಅಂಜಿಕೆಯಲ್ಲಿ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಗೂ ಇದನ್ನು ಅಂಟಿಸಬೇಡಿ. ಸಾಲದ ಕಂತಿನ ಮಾತು ಶುರುವಾದರೆ ಮಗುವಿನ ಮಾತು ಹಿಂದೆ ಬೀಳುತ್ತದೆ, ಕಂತು ಬಾಕಿ ಇರುವವಳು ಬರುವುದನ್ನೇ ಬಿಡುತ್ತಾಳೆ. ಗ್ರಂಥಾಲಯದ ಕೋಣೆ, ಸಮುದಾಯ ಭವನ, ಬಾಗಿಲು ಮುಚ್ಚಲು ಬರುವ ಅಂಗನವಾಡಿ ಕೋಣೆ ಆಗಬಹುದು. ಪಕ್ಕದಲ್ಲೇ ಮಕ್ಕಳು ಆಡಲು ಇನ್ನೊಂದು ಕೋಣೆಯೋ ಬೇಲಿ ಹಾಕಿದ ಅಂಗಳವೋ ಇರಲೇಬೇಕು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಳ್ಳೆಯದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತವಾಗಿರುವುದರಿಂದ ಪಕ್ಕದ ತಾಲ್ಲೂಕಿನ ಕೂಟಕ್ಕೂ ಹೋಗಬಹುದು. ತಮ್ಮೂರಿನ ಕೂಟಕ್ಕೆ ಹೋಗಲು ನಾಚುವವರಿಗೆ ಇದನ್ನು ನೀವೇ ಸೂಚಿಸಿ.

ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ನಾಟಿ, ಕಬ್ಬು ಕಡಿಯುವ ದಿನಗಳಲ್ಲಿ ಕೂಲಿ ಬಿಟ್ಟು ಯಾರೂ ಬರಲಾರರು. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ 3ರಿಂದ 4.30 ಎಂದು ಒಂದು ಸಲ ಗೊತ್ತು ಮಾಡಿದರೆ ಅದನ್ನು ಬದಲಿಸಬೇಡಿ. ಇಬ್ಬರೇ ಬಂದರೂ ನಡೆಸಿ. ಒಮ್ಮೆ ರದ್ದಾದ ಕೂಟಕ್ಕೆ ಮತ್ತೆ ಜನ ಸೇರಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ. 6ರಿಂದ 10 ಮನೆಯವರು ಇದ್ದರೆ ಎಲ್ಲರಿಗೂ ಮಾತಾಡಲು ಸಿಗುತ್ತದೆ, ಅದಕ್ಕಿಂತ ಹೆಚ್ಚಾದರೆ ಎರಡು ಮಾಡಿ. ಅತ್ತೆ–ಸೊಸೆ, ಗಂಡ–ಹೆಂಡತಿ ಒಟ್ಟಿಗೆ ಬಂದರೆ ಬೇರೆ ಬೇರೆ ಗುಂಪಿನಲ್ಲಿ ಕೂರಿಸುವುದು ಒಳಿತು. ಗಂಡ ಪಕ್ಕದಲ್ಲಿದ್ದಾಗ ಹೆಣ್ಣುಮಗಳು ಹೊಡೆತದ ವಿಷಯ ಬಾಯಿ ಬಿಡುವುದಿಲ್ಲ.

ತೊಂಬತ್ತು ನಿಮಿಷ ಹೇಗೆ ಕಳೆಯಬೇಕು

ಮೊದಲ ಹದಿನೈದು ನಿಮಿಷ ಟೀ, ಬಿಸ್ಕತ್ತು, ಮಕ್ಕಳನ್ನು ಆಟದ ಕೋಣೆಗೆ ಬಿಡುವುದು. ಐದು ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು ಬೇಕು, ಒಬ್ಬರೇ ಒಂಟಿಯಾಗಿ ಮಕ್ಕಳ ಜೊತೆ ಇರಬಾರದು. ಆಮೇಲೆ ನಿಯಮಗಳನ್ನು ಪ್ರತಿ ಸಲವೂ ಓದಿ ಹೇಳಿ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಲಿ. ಫೋಟೊ ಬೇಡ, ರೆಕಾರ್ಡಿಂಗ್ ಬೇಡ. ಯಾರನ್ನೂ ‘ಯಾಕೆ ಕುಡಿದೆ’ ಎಂದು ಕೇಳುವ ಹಾಗಿಲ್ಲ. ಸುಮ್ಮನೆ ಕೂತಿರುವುದಕ್ಕೂ ಹಕ್ಕಿದೆ. ಮಗುವಿಗೆ ಅಪಾಯವಿದೆ ಎಂದು ಗೊತ್ತಾದರೆ ಮಾತ್ರ ಗುಟ್ಟು ಉಳಿಸಿಕೊಳ್ಳಲು ಆಗದು ಎಂಬುದನ್ನೂ ಮೊದಲೇ ಹೇಳಿಬಿಡಿ. ಅಂಥ ಹೊತ್ತಿಗೆ ಮಕ್ಕಳ ಸಹಾಯವಾಣಿ 1098.

ನಂತರದ ನಲವತ್ತು ನಿಮಿಷ ಒಂದೇ ತೊಂದರೆಗೆ ಮೀಸಲು. ‘ಬೆಳಿಗ್ಗೆ ಶಾಲೆಗೆ ಹೊರಡಿಸುವುದು’, ‘ರಾತ್ರಿ ನಿದ್ದೆ’, ‘ಪಕ್ಕದ ಮನೆಯಿಂದ ವಸ್ತು ಎತ್ತಿಕೊಂಡು ಬರುವುದು’ ಹೀಗೆ. ಯಾರು ಏನು ಮಾಡಿ ನೋಡಿದರು, ಯಾವುದು ಫಲಿಸಿತು, ಯಾವುದು ಕೆಟ್ಟಿತು ಎಂದು ಸುತ್ತು ಹಾಕಿ ಕೇಳಿ. ಪ್ರತಿಯೊಬ್ಬರೂ ಮುಂದಿನ ತಿಂಗಳವರೆಗೆ ಮಾಡಿ ನೋಡುವ ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಲಿ. ಮೂರು ಆರಿಸಿದರೆ ಒಂದೂ ಆಗುವುದಿಲ್ಲ. ಉಳಿದ ಹೊತ್ತು ಕಾಗದಪತ್ರ, ಆಸ್ಪತ್ರೆ ತಾರೀಖು, ಒಬ್ಬೊಬ್ಬರೇ ಪಕ್ಕಕ್ಕೆ ಕರೆದು ಹೇಳಿಕೊಳ್ಳಬೇಕಾದ ಮಾತು.

ಕೂಟಗಳು ಹೆಚ್ಚಾಗಿ ಒಡೆಯುವುದು ಭಾಷಣದಿಂದ. ಡಾಕ್ಟರನ್ನು ಕರೆಸಿದರೆ ಗಂಟೆಗಟ್ಟಲೆ ಅವರೇ ಮಾತಾಡುತ್ತಾರೆ, ಪೋಷಕರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಕರೆಸುವುದಾದರೆ ಹತ್ತು ನಿಮಿಷ ಮಾತು, ಉಳಿದದ್ದು ಪ್ರಶ್ನೆಗೆ. ಎರಡನೆಯ ಕಾರಣ ವಾಟ್ಸ್‌ಆ್ಯಪ್ ಗುಂಪು. ಮನೆಯಲ್ಲಿ ಫೋನ್ ಒಂದೇ, ಅದು ಮೈದುನನ ಕೈಯಲ್ಲೂ ಇರುತ್ತದೆ. ಒಬ್ಬರ ನಂಬರು, ಒಬ್ಬೊಬ್ಬರಿಗೇ ಬೇರೆ ಬೇರೆ ಕರೆ, ‘ಭಾನುವಾರ ಮೂರು ಗಂಟೆಗೆ ಬನ್ನಿ’ ಎಂಬಷ್ಟೇ ಮಾತು ಸಾಕು.

ಕುಡಿತದ ಬಗ್ಗೆ ಕೇಳಬೇಕಾದಾಗ

ಆಸ್ಪತ್ರೆಯಲ್ಲಿ ಈ ಮಾಹಿತಿ ಬೇಕಾಗುತ್ತದೆ. ಏಕೆಂದರೆ ಎಫ್‌ಎಎಸ್‌ಡಿಗೆ ರಕ್ತಪರೀಕ್ಷೆ ಇಲ್ಲ, ಮಿದುಳಿನ ಸ್ಕ್ಯಾನ್ ಸರಿಯಾಗಿಯೇ ಕಾಣಬಹುದು. ಸುತ್ತು ಕೂತಿರುವಾಗ ಮಾತ್ರ ಎಂದೂ ಕೇಳಬೇಡಿ. ಪಕ್ಕಕ್ಕೆ ಕರೆದು ಹೀಗೆ ಕೇಳಬಹುದು: “ಅಕ್ಕ, ಇದನ್ನ ಎಲ್ಲಾ ಅಮ್ಮಂದಿರನ್ನೂ ಕೇಳ್ತೀವಿ. ಬಸುರಿ ಅಂತ ಗೊತ್ತಾಗೋಕೆ ಮುಂಚೆ, ಮೈಕೈ ನೋವು ಅಂತಲೋ ಹಬ್ಬ ಅಂತಲೋ ಏನಾದ್ರೂ ತಗೊಂಡಿದ್ದು ಉಂಟಾ?” ಮೊದಲ ತಿಂಗಳುಗಳಿಂದ ಶುರು ಮಾಡುವುದಕ್ಕೆ ಕಾರಣವಿದೆ. ಹೊಟ್ಟೆಯಲ್ಲಿ ಮಗುವಿದೆ ಎಂದು ತಿಳಿಯದೆ ಕುಡಿದವರೇ ಬಹಳ, ಅದನ್ನು ಹೇಳಿಕೊಳ್ಳುವುದೂ ಸುಲಭ.

ಅಳತೆಯನ್ನು ಅವರ ಮಾತಿನಲ್ಲೇ ಕೇಳಿ ಬರೆದುಕೊಳ್ಳಿ. ನಮ್ಮಲ್ಲಿ ಮಾರುವ ಬ್ರಾಂದಿ, ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ. 30 ಮಿ.ಲೀ.ಗೆ ಸುಮಾರು 10 ಗ್ರಾಂ, 90 ಮಿ.ಲೀ.ಯ ‘ನೈಂಟಿ’ಗೆ 30 ಗ್ರಾಂ, 180 ಮಿ.ಲೀ.ಯ ಒಂದು ಕ್ವಾರ್ಟರಿಗೆ 60 ಗ್ರಾಂ. 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಶೇ 5 ಇದ್ದರೆ ಸುಮಾರು 25 ಗ್ರಾಂ, ಶೇ 8ರ ಸ್ಟ್ರಾಂಗ್ ಆದರೆ 40 ಗ್ರಾಂ. ಎಷ್ಟು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ಎಷ್ಟು, ಯಾವ ತಿಂಗಳವರೆಗೆ ಎಂಬುದು ಮುಖ್ಯ. ಒಂದೇ ಹೊತ್ತಿಗೆ ಹೆಚ್ಚು ಕುಡಿದರೆ ಮಗುವಿನ ರಕ್ತದಲ್ಲೂ ಮದ್ಯ ಒಮ್ಮೆಲೇ ಏರಿ ಹೆಚ್ಚು ಹಾನಿ. ಇಷ್ಟಾದರೆ ಪರವಾಗಿಲ್ಲ ಎಂಬ ಅಳತೆ ಯಾವುದೂ ಇಲ್ಲ, ಸುರಕ್ಷಿತ ತಿಂಗಳೂ ಇಲ್ಲ.

ಕೂಟದಲ್ಲಿ ಮತ್ತೆ ಮತ್ತೆ ಬರುವ ಕೆಲವು ಅನುಮಾನಗಳು. ಬಾಣಂತಿಗೆ ಮೈ ಬೆಚ್ಚಗಾಗಲಿ ಎಂದು ಕೆಲವು ಮನೆಗಳಲ್ಲಿ ಬ್ರಾಂದಿ ಕೊಡುತ್ತಾರೆ. ಅದರಿಂದ ಎಫ್‌ಎಎಸ್‌ಡಿ ಬರುವುದಿಲ್ಲ, ಆದರೆ ಮದ್ಯ ಎದೆಹಾಲಿಗೆ ಹೋಗುತ್ತದೆ, ಕೊಡಬಾರದು. ಅಪ್ಪ ಮಾತ್ರ ಕುಡಿಯುತ್ತಿದ್ದು ಅಮ್ಮ ಮುಟ್ಟಿಲ್ಲವೆಂದರೆ ಮಗುವಿನ ತೊಂದರೆಗೆ ಈ ಹೆಸರು ಕೊಡುವುದಿಲ್ಲ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರ ಇರುತ್ತದೆ, ಸೀಸೆಯ ಮೇಲೆ ನಮೂದೂ ಇರುತ್ತದೆ. ಬಸುರಿಯರು ವೈದ್ಯರನ್ನು ಕೇಳದೆ ಕುಡಿಯಬಾರದು.

ಮಗುವನ್ನು ಸಾಕುತ್ತಿರುವ ಅಜ್ಜಿಗೋ ದತ್ತು ಪೋಷಕರಿಗೋ ಇದ್ಯಾವುದೂ ಗೊತ್ತಿಲ್ಲದಿದ್ದರೆ ತಾಯಿ ಕಾರ್ಡ್ ಅಥವಾ ದತ್ತಿನ ಜೊತೆ ಕೊಟ್ಟ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಹುಡುಕಿ. ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ. ಮಗುವಿಗೆ ಏನು ಕಷ್ಟವೋ ಅದಕ್ಕೆ ನೆರವು ಶುರುವಾಗಲಿ.

ತಪಾಸಣೆಗೆ ಕರೆದೊಯ್ಯುವುದು

ಆರು ವರ್ಷದೊಳಗಿನ ಮಗುವಾದರೆ ಅಂಗನವಾಡಿಯೇ ಮೊದಲ ಮೆಟ್ಟಿಲು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತಂಡ ಬರುವ ದಿನ ಮಗು ಹಾಜರಿರುವಂತೆ ನೋಡಿಕೊಳ್ಳಿ, ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗ ನೆರವು ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ನೇರವಾಗಿ ಹೋಗುವುದಾದರೆ ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗ. ಮಾತು, ಕಲಿಕೆ, ಬುದ್ಧಿಮಟ್ಟದ ಪರೀಕ್ಷೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಈ ಸಂಸ್ಥೆ ‘ಮಾತು ಬಾರದವರಿಗೆ’ ಮಾತ್ರ ಎಂದು ಜನ ತಿಳಿದಿದ್ದಾರೆ, ಮನಶ್ಶಾಸ್ತ್ರ ಮತ್ತು ವಿಶೇಷ ಶಿಕ್ಷಣದ ವಿಭಾಗಗಳೂ ಅಲ್ಲಿವೆ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ.

ಚೀಲದಲ್ಲಿ ಇರಬೇಕಾದವು: ತಾಯಿ ಕಾರ್ಡ್, ಹುಟ್ಟಿದಾಗಿನ ತೂಕ, ಅಂಗನವಾಡಿಯ ತೂಕದ ದಾಖಲೆ, ಆಧಾರ್, ಶಾಲೆಯ ಎರಡು ನೋಟ್‌ಬುಕ್, ಮನೆಯಲ್ಲಿ ಮಗುವಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಬರೆದ ಒಂದು ಪುಟ. ಈ ಪುಟವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಡಾಕ್ಟರ ಎದುರು ಹತ್ತು ನಿಮಿಷ ಮಗು ಮುದ್ದಾಗಿ ಮಾತಾಡಿಬಿಡುತ್ತದೆ, ‘ಏನೂ ತೊಂದರೆ ಇಲ್ಲ’ ಎಂದು ಕಳಿಸಿಬಿಡುತ್ತಾರೆ. ಕಣ್ಣು, ಕಿವಿ, ಹೃದಯ ಮೂರನ್ನೂ ನೋಡಿಸಿ, ಮದ್ಯ ಅವುಗಳ ಬೆಳವಣಿಗೆಯನ್ನೂ ಕೆಡಿಸಬಲ್ಲದು. ಓದಲು ಬರದವರ ಜೊತೆಗೆ ಕೂಟದವರೊಬ್ಬರು ಹೋಗಿ ಬರಲಿ.

ಮನೆಯಲ್ಲಿ

‘ಸ್ಕೂಲಿಂದ ಬಂದು, ಕೈಕಾಲು ತೊಳ್ದು, ಬಟ್ಟೆ ಬದಲಾಯಿಸಿ, ಪುಸ್ತಕ ತೆಗಿ’ ಎಂದರೆ ಅದು ನಾಲ್ಕು ಕೆಲಸ. ಮಗು ಮೊದಲನೆಯದು ಮಾಡಿ ನಿಂತುಬಿಡುತ್ತದೆ. ಅದು ಮೊಂಡುತನವಲ್ಲ, ಉಳಿದ ಮೂರು ನೆನಪಿನಿಂದ ಜಾರಿವೆ. ಒಂದು ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ, ಆದಮೇಲೆ ಇನ್ನೊಂದು. ಅಜ್ಜಿ, ಅಪ್ಪ, ಅಕ್ಕ ಎಲ್ಲರೂ ಅದೇ ಪದ ಬಳಸಬೇಕು. ‘ಒಳ್ಳೆ ಹುಡುಗನಾಗಿರು’ ಎಂದರೆ ಏನು ಮಾಡಬೇಕೆಂದು ಅವನಿಗೆ ತಿಳಿಯದು, ‘ಚಪ್ಪಲಿ ಬಾಗಿಲ ಹತ್ರ ಬಿಡು’ ತಿಳಿಯುತ್ತದೆ. ಬೆಳಗಿನ ಕೆಲಸಗಳ ಐದು ಚಿತ್ರ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿ. ಬರಹ ಬೇಡ, ಚಿತ್ರವೇ ಸಾಕು. ಎರಡು ವಾರ ಸರಿಹೋಯಿತೆಂದು ತೆಗೆದುಬಿಟ್ಟರೆ ಮತ್ತೆ ಮೊದಲಿಗೇ ಬರುತ್ತದೆ. ಅದು ವರ್ಷಗಟ್ಟಲೆ ಗೋಡೆಯ ಮೇಲಿರಬೇಕಾದದ್ದು.

ಹೊಡೆತ ಇಲ್ಲಿ ಕೆಲಸ ಮಾಡುವುದಿಲ್ಲ. ಮಾಡಿದ್ದಕ್ಕೂ ಆಮೇಲೆ ಆದದ್ದಕ್ಕೂ ಇರುವ ನಂಟನ್ನು ಈ ಮಿದುಳು ಹಿಡಿದಿಟ್ಟುಕೊಳ್ಳುವುದಿಲ್ಲ. ಭಯ ಉಳಿಯುತ್ತದೆ, ಪಾಠ ಉಳಿಯುವುದಿಲ್ಲ. ‘ಸುಳ್ಳು’ ಎಂದು ಕಾಣುವುದೂ ಎಷ್ಟೋ ಸಲ ನೆನಪಿನ ತೂತನ್ನು ತೋಚಿದ್ದರಿಂದ ಮುಚ್ಚುವುದು. ‘ಯಾಕೆ ಮಾಡಿದೆ’ ಎಂದು ಗದರಿದಷ್ಟೂ ಹೊಸ ಕತೆ ಹುಟ್ಟುತ್ತದೆ. ಎತ್ತಿಕೊಂಡು ಬಂದ ವಸ್ತುವನ್ನು ಜೊತೆಗೆ ಹೋಗಿ ವಾಪಸ್ ಕೊಡಿಸಿ, ಅಲ್ಲಿಗೆ ಮಾತು ಮುಗಿಸಿ.

ಮಂಡ್ಯದ ಕಡೆ ನಾಲೆಯ ವಿಷಯ ಬೇರೆಯೇ ಹೇಳಬೇಕು. ‘ನಾಲೆ ಹತ್ರ ಹೋಗ್ಬಾರ್ದು’ ಎಂದು ಮಗು ಬಾಯಿಪಾಠ ಒಪ್ಪಿಸುತ್ತದೆ, ಅರ್ಧ ಗಂಟೆಯಲ್ಲಿ ನಾಲೆಯ ಏರಿಯ ಮೇಲಿರುತ್ತದೆ. ಒಂದು ನಾಲೆಗೆ ಕಲಿತ ನಿಯಮ ಪಕ್ಕದ ಕೆರೆಗೂ ಅನ್ವಯ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಹನ್ನೆರಡು ವರ್ಷದವನಾದರೂ ಆರು ವರ್ಷದವನಿಗೆ ಇಡುವಷ್ಟೇ ಕಣ್ಣು ಇಡಬೇಕಾಗಬಹುದು. ಅದಕ್ಕೆ ನಾಲ್ಕು ಮನೆಯವರಾದರೂ ವಿಷಯ ತಿಳಿದಿರಬೇಕು.

ದಸರಾ ರಜೆಯಲ್ಲಿ ದಿನಚರಿ ಕುಸಿದು ರಂಪ ಹೆಚ್ಚುವುದು ಪ್ರತಿ ವರ್ಷದ ಮಾತು. ಏಳುವ, ಉಣ್ಣುವ, ಮಲಗುವ ಹೊತ್ತು ರಜೆಯಲ್ಲೂ ಅದೇ ಇರಲಿ. ದೀಪಾಲಂಕಾರ ನೋಡಲು ಹೋಗುವುದಾದರೆ ಜನ ಸೇರುವ ಮುಂಚೆ, ಸಂಜೆ ದೀಪ ಹತ್ತಿದ ಕೂಡಲೇ ಹೋಗಿ ಅರ್ಧ ಗಂಟೆಯಲ್ಲಿ ಹಿಂತಿರುಗಿ. ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ.

ಸರದಿ: ಪೋಷಕರಿಗೆ ಎರಡು ಗಂಟೆ ಬಿಡುವು

ಕೂಟ ಕೊಡಬಹುದಾದ ದೊಡ್ಡ ಸಹಾಯ ಇದೇ ಎನ್ನಬಹುದು. ಮೂರು ತಿಂಗಳು ಜೊತೆಗೆ ಬಂದು ಪರಿಚಯವಾದ ಎರಡು ಮನೆಗಳನ್ನು ಜೋಡಿ ಮಾಡಿ. ವಾರಕ್ಕೊಮ್ಮೆ ಎರಡು ಗಂಟೆ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಮೊದಲ ಎರಡು ಸಲ ಮಗುವಿನ ಮನೆಯಲ್ಲೇ, ಅಮ್ಮ ಪಕ್ಕದ ಕೋಣೆಯಲ್ಲಿದ್ದಾಗ ಮಾಡಿ. ಕೈಯಲ್ಲಿ ಐದು ಸಾಲಿನ ಚೀಟಿ ಇರಲಿ: ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ರಂಪ ಶುರುವಾಗುವ ಮುಂಚಿನ ಗುರುತೇನು, ಏನು ಮಾಡಿದರೆ ಶಾಂತವಾಗುತ್ತದೆ, ಯಾರಿಗೆ ಫೋನ್ ಮಾಡಬೇಕು. ಕುಡಿದವರು ಇರುವ ಮನೆಗೆ ಮಗುವನ್ನು ಬಿಡುವ ಹಾಗಿಲ್ಲ. ಈ ನಿಯಮಕ್ಕೆ ಯಾವ ಮುಲಾಜೂ ಬೇಡ.

ಶಾಲೆ

1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿ ಈ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಕಾರ್ಡು, ಚಿತ್ರ, ತನ್ನದೇ ವೇಗ. ಮೂರನೇ ತರಗತಿವರೆಗೆ ಹೇಗೋ ಸಾಗುತ್ತದೆ. ನಾಲ್ಕಕ್ಕೆ ಪಠ್ಯಪುಸ್ತಕ, ಭಾಗಾಕಾರ, ಬೋರ್ಡು ನೋಡಿ ಬರೆಯುವುದು ಬಂದಾಗ ಮಗು ಕೈಚೆಲ್ಲುತ್ತದೆ. ಮೂರನೇ ತರಗತಿಯ ಕೊನೆಯಲ್ಲೇ ಬಿಆರ್‌ಸಿಯ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಎಲ್ಲರೂ ಬಿಐಇಆರ್‌ಟಿ ಎನ್ನುವವರನ್ನು, ಕಂಡು ಹೆಸರು ಬರೆಸಿ. ಮೇಷ್ಟ್ರಿಗೆ ಕೇಳಬೇಕಾದ್ದು ಕಡಿಮೆ: ಮುಂದಿನ ಸಾಲು, ಕಿಟಕಿಯಿಂದ ದೂರ, ಒಂದು ಸಲಕ್ಕೆ ಒಂದು ಲೆಕ್ಕ, ಕಣ್ಣೆದುರು ಮಗ್ಗಿಯ ಪಟ್ಟಿ, ನಡುವೆ ಎದ್ದು ನೀರು ತರುವ ಕೆಲಸ. ಅಮ್ಮನ ಕುಡಿತದ ವಿಷಯ ಶಾಲೆಗೆ ಬೇಕಿಲ್ಲ. ‘ಮಿದುಳಿನ ಬೆಳವಣಿಗೆಯ ತೊಂದರೆ, ನೆನಪು ನಿಲ್ಲುವುದಿಲ್ಲ’ ಎಂದರೆ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು ಬೇಕಿದ್ದರೆ ಒಂಬತ್ತನೇ ತರಗತಿಯಲ್ಲೇ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿ ಮುಖ್ಯ ಶಿಕ್ಷಕರಿಗೆ ಕೊಡಿ.

ಅಮ್ಮ ಇನ್ನೂ ಕುಡಿಯುತ್ತಿದ್ದರೆ

ಕೂಟದಿಂದ ಹೊರಗಿಡಬೇಡಿ, ಅವಳಿಗೇ ಹೆಚ್ಚು ಬೇಕು. ಕುಡಿದು ಬಂದ ದಿನ ಮಾತ್ರ ಯಾರಾದರೂ ಜೊತೆಗೆ ಹೋಗಿ ಮನೆಗೆ ಬಿಟ್ಟು, ‘ಮುಂದಿನ ಸಲ ಬಾರವ್ವ, ಕಾಯ್ತಿರ್ತೀವಿ’ ಎಂದು ಹೇಳಿ ಬರಲಿ. ಮತ್ತೆ ಬಸುರಿಯಾಗಿದ್ದರೆ ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವಿದೆ.

ಆದರೆ ದಿನವೂ ಕುಡಿಯುವವರಿಗೆ ‘ಇವತ್ತೇ ಬಿಟ್ಟುಬಿಡು’ ಎಂದು ಆಣೆ ಹಾಕಿಸುವುದು ಅಪಾಯ. ನಿಲ್ಲಿಸಿದ ಮೊದಲ ದಿನವೇ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು–ಮೂರನೇ ದಿನ ಮತಿಗೆಟ್ಟು ಜೀವಕ್ಕೇ ಕುತ್ತು ಬರಬಹುದು. ಬಸುರಿಯಾದರೆ ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು. ಧರ್ಮಸ್ಥಳದ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಈ ಜಿಲ್ಲೆಗಳಲ್ಲಿ ಪರಿಚಿತವೇ, ಕುಡಿಯುವ ಗಂಡಂದಿರನ್ನು ಅಲ್ಲಿಗೆ ಕಳಿಸುವ ಮನೆಗಳು ಬಹಳ. ದಿನವೂ ಕುಡಿಯುವವರು ಶಿಬಿರಕ್ಕೆ ಹೋಗುವ ಮುಂಚೆ ವೈದ್ಯರಿಗೆ ತೋರಿಸಬೇಕು. ಫೋನಿನಲ್ಲೇ ಕನ್ನಡದಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ. ಮನೆಯಲ್ಲಿ ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181.

ಸೆಪ್ಟೆಂಬರ್ 9 ಎಫ್‌ಎಎಸ್‌ಡಿ ಜಾಗೃತಿಯ ಅಂತರರಾಷ್ಟ್ರೀಯ ದಿನ. ಅವತ್ತು ಕುಡಿದು ಬಿದ್ದ ಹೆಂಗಸಿನ ಚಿತ್ರದ ಪೋಸ್ಟರ್ ಹಚ್ಚಿದರೆ ಕೂಟದ ಅಮ್ಮಂದಿರು ಮತ್ತೆ ಬರುವುದಿಲ್ಲ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಐದು ನಿಮಿಷ ಮಾತು ಸಾಕು, ಗಂಡಂದಿರನ್ನೂ ಕರೆಯಿರಿ. ‘ಬಸುರಿ ಇರೋ ಮನೇಲಿ ಒಂಬತ್ತು ತಿಂಗಳು ಬಾಟ್ಲಿ ತರಬೇಡಿ’ ಎಂಬ ಮಾತು ಅವರಿಗೆ ಹೇಳುವಂಥದ್ದು.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಫ್‌ಎಎಸ್‌ಡಿ ಹೆಸರಿಲ್ಲ. ಮಗುವಿಗೆ ಇರುವ ಬೌದ್ಧಿಕ ನ್ಯೂನತೆ ಅಥವಾ ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಲ್ಲೇ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಇಲ್ಲಿ ಒಂದು ಗಂಟು ಬೀಳುತ್ತದೆ. ಬುದ್ಧಿಮಟ್ಟದ ಅಳತೆಯಾದ ಐಕ್ಯೂ 70ಕ್ಕಿಂತ ಮೇಲೆ ಬಂದು, ದಿನದ ಬದುಕು ನಡೆಸುವ ಶಕ್ತಿ ಮಾತ್ರ ಬಹಳ ಕೆಳಗಿರುವ ಮಕ್ಕಳು ಇವರಲ್ಲಿ ಹಲವರು. ಆ ಶಕ್ತಿಯನ್ನು ಅಳೆಯುವ ಪರೀಕ್ಷೆಯೇ ಬೇರೆ ಇದೆ, ‘ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲ್ ಕೂಡ ಮಾಡಿ’ ಎಂದು ಮನಶ್ಶಾಸ್ತ್ರಜ್ಞರನ್ನು ಬಾಯಿಬಿಟ್ಟು ಕೇಳಿ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಕನಿಷ್ಠ ಶೇ 40ರಷ್ಟು ನ್ಯೂನತೆ ಪ್ರಮಾಣಪತ್ರದಲ್ಲಿ ಇರಬೇಕು. ಅರ್ಜಿ ತುಂಬಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎನ್ನುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರ ಸಿಕ್ಕರೆ ನಿರಾಮಯ ಎಂಬ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ.

ಮಗುವಿಗೆ 17 ತುಂಬಿದ ವರ್ಷ ಕೂಟದ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. 18 ಆದಮೇಲೆ ಬ್ಯಾಂಕು, ಜಮೀನು, ಚಿಕಿತ್ಸೆಯ ಸಹಿ ಅಪ್ಪ–ಅಮ್ಮ ತಾವಾಗಿ ಹಾಕುವಂತಿಲ್ಲ. ಮೊಬೈಲಿನಲ್ಲಿ ಸಾಲ ಕೊಡುವವರು, ಜಾಮೀನಿಗೆ ಸಹಿ ಹಾಕಿಸಿಕೊಳ್ಳುವವರು ಇಂಥ ಹುಡುಗರನ್ನೇ ಹುಡುಕುತ್ತಾರೆ. ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರ ಇದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವದ ಅರ್ಜಿ ಕೊಡಬಹುದು. ಅಜ್ಜಿ ಸಾಕುತ್ತಿರುವ ಮನೆಗಳಲ್ಲಿ ಅರ್ಜಿ ಹಾಕುವಾಗ ಚಿಕ್ಕಪ್ಪನೋ ಸೋದರತ್ತೆಯೋ, ವಯಸ್ಸಿನಲ್ಲಿ ಕಿರಿಯರಾದ ಒಬ್ಬರು ಮುಂದೆ ಹೊಣೆ ಹೊರಲು ಒಪ್ಪಿದ್ದಾರೆಯೇ ಎಂದು ಆಗಲೇ ಕೇಳಿ, ಹೆಸರು ಬರೆದಿಟ್ಟುಕೊಳ್ಳಿ.